ನೀಲಿ ರಿಬ್ಬನ್ನಿನ ಮಾಪು

ಶಾಲೆಯ ಹೆಸರು ಹೇಳುವುದಿಲ್ಲ. ಅದು ಒಬ್ಬ ಸಂತನ ಹೆಸರು. ಅವನು ಹೊಲ ಉಳುತ್ತಿದ್ದನಂತೆ. ಅವನಿಂದ ನನಗೇನೂ ಅನ್ಯಾಯವಾಗಿಲ್ಲ. ಅವನನ್ನೇಕೆ ಬೀದಿಗೆ ಎಳೆಯಲಿ.

ಇಲ್ಲಿ ಕೆನಡಾದಲ್ಲಿ, ವುಡ್‌ಬ್ರಿಡ್ಜ್ ದಾಟಿ ಉತ್ತರಕ್ಕೆ ಹೋದರೆ ಗೋಡೌನುಗಳು ಮುಗಿದು ಕುದುರೆ ಫಾರಮ್ಮುಗಳು ಶುರುವಾಗುತ್ತವೆ. ಬಿಳಿ ಬೇಲಿ, ಉದ್ದದ ಡ್ರೈವ್‌ವೇ, ಅದರ ತುದಿಗೆ ಅರಮನೆಯಂಥ ಮನೆ. ಅಂಥದೊಂದು ಫಾರಮ್ಮಿನ ಲಾಯದ ಅಟ್ಟದಲ್ಲಿ ನಾವಿದ್ದೇವೆ. ಕೆಳಗೆ ಕುದುರೆ, ಮೇಲೆ ನಾವು. ನನ್ನ ಗಂಡ ಅರುಳಪ್ಪ ಆ ಕುದುರೆಗಳ ಲದ್ದಿ ಎತ್ತುತ್ತಾನೆ. ನಾನು ಹೊಲಗಳಾಚೆಯ ಕ್ಯಾಥೊಲಿಕ್ ಶಾಲೆಯಲ್ಲಿ ಕ್ಲೀನಿಂಗ್ ಕಂಪೆನಿಯ ಕಡೆಯಿಂದ ನೆಲ ಒರೆಸುತ್ತಿದ್ದೆ. ನನ್ನ ಹೆಸರು ಜಯಶೀಲಾ. ಶಾಲೆಯಲ್ಲಿ ಎಲ್ಲರಿಗೂ ಜಯಾ. ಪೂರ್ತಿ ಹೆಸರು ಕರೆಯುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಮಗಳು ಇಂಚರಾ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅವಳು ನಡೆಯುವ ನೆಲವನ್ನು ನಾನು ಒರೆಸುತ್ತಿದ್ದೆ. ಅದರಲ್ಲಿ ನನಗೆ ನಾಚಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಎಲ್ಲರೂ ನನಗೆ ಅದನ್ನೇ ಬುದ್ಧಿ ಹೇಳಲು ಬಂದರು. ಕೆಲಸದಲ್ಲಿ ಮೇಲು ಕೀಳು ಇಲ್ಲ ಎಂದರು. ನೆಲ ಒರೆಸುವವಳಿಗೇ ಹೇಳಿದರು.

ಎರಡು ಸಾವಿರದ ಹದಿನೆಂಟರ ಜೂನ್. ಶಾಲೆಯ ವರ್ಷ ಮುಗಿಯುವ ತಿಂಗಳು. ಮಕ್ಕಳಿಗೆ ಹಬ್ಬ, ನನಗೆ ಬೆನ್ನು ಮುರಿಯುವ ಕಾಲ. ಸಂಜೆ ಶಿಫ್ಟು ಹೋಗಿ ಹಗಲು ಶಿಫ್ಟು ಬರುತ್ತದೆ. ಮಕ್ಕಳು ಡೆಸ್ಕು ಖಾಲಿ ಮಾಡಿದಂತೆಲ್ಲ ಒಳಗಿಂದ ಹಳಸಿದ ಸ್ಯಾಂಡ್‌ವಿಚ್ಚು, ಬೂಷ್ಟು ಹಿಡಿದ ಕಿತ್ತಲೆ, ಚಳಿಗಾಲದ ಒಂಟಿ ಕೈಗವಸು ಹೊರಬೀಳುತ್ತವೆ. ಡೆಸ್ಕುಗಳನ್ನು ತಲೆಕೆಳಗೆ ಮಾಡಬೇಕು. ಮಂಡಿಯೂರಿ, ಅಡಿಗೆ ಅಂಟಿಸಿದ ಚ್ಯೂಯಿಂಗ್ ಗಮ್ಮನ್ನು ಮೊಂಡುಗತ್ತಿಯಿಂದ ಕೆರೆಯಬೇಕು. ಗೋಡೆಯ ಚಿತ್ರ ಕಿತ್ತಮೇಲೆ ಟೇಪಿನ ಅಂಟು ಉಜ್ಜಬೇಕು. ಸದ್ದಾಗದಿರಲಿ ಎಂದು ಕುರ್ಚಿಯ ಕಾಲಿಗೆ ಸಿಕ್ಕಿಸಿದ ಟೆನಿಸ್ ಚೆಂಡುಗಳನ್ನು ಕಿತ್ತು, ಅವುಗಳಿಗೆ ಸುತ್ತಿಕೊಂಡ ಕೂದಲು ತೆಗೆಯಬೇಕು. ಕಿಟಕಿ ತೆರೆದರೆ ಪಕ್ಕದ ಹೊಲದ ಗೊಬ್ಬರದ ವಾಸನೆ. ಮುಚ್ಚಿದರೆ ಬ್ಲೀಚಿನ ವಾಸನೆ. ಮನೆಗೆ ಹೋದರೆ ಲದ್ದಿ. ನನ್ನ ಮೂಗಿಗೆ ಒಂದು ದಿನವೂ ರಜೆ ಇರಲಿಲ್ಲ.

ವರ್ಷದ ಕೊನೆಗೆ ಶಾಲೆಯ ಜಿಮ್ಮಿನಲ್ಲಿ ಬಲಿಪೂಜೆ, ಚರ್ಚಿನ ಮಾಸ್, ನಡೆಯುತ್ತದೆ. ಪ್ಯಾರಿಷ್ಷಿನ ಫಾದರ್ ಬರುತ್ತಾರೆ. ಬಾಸ್ಕೆಟ್‌ಬಾಲ್ ಬಲೆಯ ಕೆಳಗೆ ಮೇಜಿಟ್ಟು, ಬಿಳಿ ಬಟ್ಟೆ ಹಾಸಿ ಪೀಠ ಮಾಡುತ್ತಾರೆ. ಕಾಣಿಕೆಯ ಹೊತ್ತಿನಲ್ಲಿ ಮಕ್ಕಳು ಸಾಲಾಗಿ ಪೀಠಕ್ಕೆ ನಡೆಯುತ್ತಾರೆ. ಒಂದು ಮಗು ದ್ರಾಕ್ಷಾರಸ ಹಿಡಿದಿರುತ್ತದೆ. ಇನ್ನೊಂದು ಓಸ್ತಿಯ ತಟ್ಟೆ. ಆ ತಟ್ಟೆಯಲ್ಲಿರುವ ತೆಳ್ಳನೆಯ ರೊಟ್ಟಿಯೇ ಆಮೇಲೆ ಪರಮಪ್ರಸಾದ, ಯೇಸುವಿನ ಶರೀರ. ಅದನ್ನು ಹಿಡಿದ ಮಗು ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತದೆ. ಎಲ್ಲ ಮಕ್ಕಳಿಗೂ ಅದೇ ಬೇಕು.

ಯಾರು ಹಿಡಿಯಬೇಕು ಎಂದು ಕ್ಲಾಸ್ ಟೀಚರು ಮಿಸ್ ದಿ ಲೂಕಾ ಕಡ್ಡಿ ಎತ್ತುತ್ತಾರೆ. ಐಸ್‌ಕ್ಯಾಂಡಿ ಕಡ್ಡಿಗಳ ಮೇಲೆ ಮಕ್ಕಳ ಹೆಸರು ಬರೆದು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಬಸ್ಸಿನಲ್ಲಿ ಕಿಟಕಿ ಸೀಟು ಯಾರಿಗೆ, ಬೋರ್ಡು ಒರೆಸುವುದು ಯಾರು, ಎಲ್ಲಕ್ಕೂ ಕಡ್ಡಿ. ಆ ಕ್ಲಾಸಿನಲ್ಲಿ ಕಡ್ಡಿ ಹೇಳಿದ್ದೇ ನ್ಯಾಯ. ಓಸ್ತಿಯ ತಟ್ಟೆಗೆ ಬಂದ ಕಡ್ಡಿ ಇಂಚರಾಳದು.

ಅವಳು ಬೇಲಿ ಹಾರಿಕೊಂಡೇ ಮನೆಗೆ ಬಂದಳು.

"ಅಮ್ಮಾ, ಐ ಆಮ್ ದ ಬ್ರೆಡ್! ಐ ಗಾಟ್ ದ ಬ್ರೆಡ್!"

ಅಂದಿನಿಂದ ಲಾಯದಲ್ಲಿ ಅಭ್ಯಾಸ. ಸ್ಟೀಲ್ ತಟ್ಟೆಯಲ್ಲಿ ಎರಡು ರಾಗಿರೊಟ್ಟಿ ಇಟ್ಟುಕೊಂಡು, ಎರಡು ಸಾಲು ಕುದುರೆಗಳ ನಡುವೆ ನಡೆಯುತ್ತಿದ್ದಳು. ಕುದುರೆಗಳು ತಲೆ ಹೊರಗೆ ಹಾಕಿ ನೋಡುತ್ತಿದ್ದವು. ಒಂದು ಮುದಿ ಕುದುರೆ ರೊಟ್ಟಿಗೆ ಬಾಯಿ ಹಾಕಿದರೆ, "ನಾಟ್ ಫಾರ್ ಯೂ!" ಎಂದು ಗದರಿಸುತ್ತಿದ್ದಳು. ಅರುಳಪ್ಪ ಸಲಿಕೆಯನ್ನು ಗೋಡೆಗೆ ಒರಗಿಸಿ, ಲದ್ದಿ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಲಾಯದ ತುದಿಗೆ ಫಾದರ್ ಹಾಗೆ ನಿಲ್ಲುತ್ತಿದ್ದ.

"ಮುಂದ್ಕೆ ನೋಡ್ಕಂಡು ನಡಿ ಮಗ. ಎಡವ್ಬುಟ್ಟೀಯೆ."

ಅವಳು ತಟ್ಟೆ ಕೊಡುತ್ತಿದ್ದಳು. ಅವನು ತಲೆ ಬಾಗಿಸಿ ತೆಗೆದುಕೊಳ್ಳುತ್ತಿದ್ದ. ಆ ರೊಟ್ಟಿಯನ್ನೇ ನಾವು ಮೂವರೂ ರಾತ್ರಿ ತಿನ್ನುತ್ತಿದ್ದೆವು. ಅರುಳಪ್ಪ ಅಷ್ಟು ನಕ್ಕದ್ದನ್ನು ನಾನು ಈ ದೇಶದಲ್ಲಿ ನೋಡಿರಲಿಲ್ಲ.

ಇನ್ನು ಜೆಸಿಂತಾ ಬಾಯಿಯ ವಿಚಾರ. ಮಂಗಳೂರು ಕಡೆಯ ರೇಗೊ ಮನೆತನದವರು. ಗಂಡ ಹಲ್ಲಿನ ಡಾಕ್ಟರು. ಮಗಳು ಶರಲ್ ಇಂಚರಾಳ ಕ್ಲಾಸೇ. ತಂದೆತಾಯಿಗಳ ಕೌನ್ಸಿಲ್ಲಿಗೆ ಜೆಸಿಂತಾ ಬಾಯಿಯೇ ಮುಖ್ಯಸ್ಥೆ. ಇಡೀ ಶಾಲೆಯಲ್ಲಿ ಕನ್ನಡ ಬರುವುದು ನಮ್ಮ ಎರಡೇ ಮನೆಗೆ. ನಾನು ಮಗಳನ್ನು ಕನ್ನಡದಲ್ಲಿ ಬೈಯುತ್ತಿದ್ದುದನ್ನು ಮೊದಲ ಸಲ ಕೇಳಿದಾಗ ಅವರು ಪಾರ್ಕಿಂಗ್ ಲಾಟ್ ದಾಟಿ ಓಡಿ ಬಂದು ನನ್ನ ಕೈ ಹಿಡಿದುಕೊಂಡರು. ಹೌದು, ಆ ದಿನ ಹಿಡಿದುಕೊಂಡರು.

"ಅಯ್ಯೋ ದೇವರೇ, ಕನ್ನಡದವರಾ! ಯಾವ ಊರು? ಯಾವ ಇಗರ್ಜಿ?"

ಅವರ ಕಡೆ ಇಗರ್ಜಿ ಎಂದರೆ ಚರ್ಚು. ಯಾವ ಇಗರ್ಜಿ ಎಂದು ಕೇಳಿ, ಯಾವ ಮನೆತನ ಎಂದು ಕೇಳಿದರೆ ಮೂರನೆಯ ಪ್ರಶ್ನೆ ಬೇಕಾಗುವುದಿಲ್ಲ. ಜಾತಿ ಗೊತ್ತಾಗಿಬಿಡುತ್ತದೆ. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಕೊಳ್ಳೇಗಾಲದ ಕಡೆಯವರು. ನಮ್ಮ ತಾತ ಚೋಮ, ಸತ್ತ ದನ ಹೊರುತ್ತಿದ್ದವನು, ಪಾದ್ರಿಗಳ ಕೈಯಲ್ಲಿ ಜ್ಞಾನಸ್ನಾನ ಮಾಡಿಸಿಕೊಂಡು ಚೌರಪ್ಪ ಆದ. ಪಾದ್ರಿಗಳು ತಲೆ ಮುಟ್ಟಿ ನೀರು ಹೊಯ್ದರು. ಊರಿನವರು ಮಾತ್ರ ಮೊದಲಿನಂತೆ ಅವನ ಬೊಗಸೆಗೆ ಮೇಲಿನಿಂದಲೇ ನೀರು ಬಿಟ್ಟರು, ಚೊಂಬಿಗೆ ಕೈ ತಾಗಬಾರದು ಎಂದು.

"ಹೌದಾ," ಎಂದರು ಜೆಸಿಂತಾ ಬಾಯಿ. ಅವರ ಕೈ ನನ್ನ ಕೈಯಿಂದ ಜಾರಿತು. ನಗು ಮಾತ್ರ ಮುಖದ ಮೇಲೆ ಹಾಗೇ ಇತ್ತು.

ಭಾನುವಾರ ಚರ್ಚಿನಲ್ಲಿ ಫಾದರ್ ಜೊತೆ ನಿಂತು ಪರಮಪ್ರಸಾದ ಹಂಚುವವರಲ್ಲಿ ಅವರೂ ಒಬ್ಬರು. ಇಲ್ಲಿ ಓಸ್ತಿಯನ್ನು ಅಂಗೈಗೆ ಕೊಡುತ್ತಾರೆ. ಎಲ್ಲರ ಅಂಗೈಯಲ್ಲೂ ಅವರು ಬೆರಳು ಒತ್ತಿ ಇಡುತ್ತಿದ್ದರು. ನನ್ನ ಅಂಗೈಗೆ ಮಾತ್ರ ಮೇಲಿನಿಂದ ಬಿಡುತ್ತಿದ್ದರು. ಅರುಳಪ್ಪನಿಗೂ ಹಾಗೇ. ಇಂಚರಾಳ ಪುಟ್ಟ ಕೈಗೂ ಹಾಗೇ. ಮೊದಮೊದಲು ನನ್ನ ಕಣ್ಣಿನ ದೋಷ ಅಂದುಕೊಂಡೆ. ಒಂದು ಭಾನುವಾರ ಅದು ನನ್ನ ಅಂಗೈಯ ಅಂಚಿಗೆ ತಾಗಿ ನೆಲಕ್ಕೆ ಬಿತ್ತು. ಬಿದ್ದ ಓಸ್ತಿಯನ್ನು ಹಂಚುವವರು ತಾವೇ ತಿನ್ನಬೇಕು ಎಂದು ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ಜೆಸಿಂತಾ ಬಾಯಿ ಬಗ್ಗಿ ಅದನ್ನೆತ್ತಿ ಟಿಶ್ಯೂವಿನಲ್ಲಿ ಸುತ್ತಿದರು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಸಮುದ್ರವನ್ನೇ ದಾಟಿ ಬಂದಿದ್ದೆ.

ಪೂಜೆಗೆ ಒಂದು ವಾರ ಇರುವಾಗ ಇಂಚರಾ ಶಾಲೆಯಿಂದ ಕಾಲೆಳೆದುಕೊಂಡು ಬಂದಳು. ಬ್ಯಾಗನ್ನು ಅಟ್ಟದ ಮೆಟ್ಟಿಲ ಮೇಲೇ ಬಿಟ್ಟಳು.

"ಏನಾಯ್ತು ಮಗ?"

"ಐ ಆಮ್ ನಾಟ್ ದ ಬ್ರೆಡ್ ಎನಿಮೋರ್."

"ಮತ್ತೆ?"

"ಐ ಆಮ್ ದ ಮಾಪ್."

ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಬಿಡಿಸಿ ಕೇಳಿದೆ. ಕೌನ್ಸಿಲ್ಲಿನವರು ಹೊಸ ಯೋಚನೆ ಕೊಟ್ಟಿದ್ದರಂತೆ. ಪ್ರತಿ ಮಗು ತನ್ನ ತಂದೆತಾಯಿಯ ಕೆಲಸದ ಗುರುತೊಂದನ್ನು ಪೀಠಕ್ಕೆ ಒಯ್ಯಬೇಕು. ಕಟ್ಟಡ ಕಟ್ಟುವವನ ಮಗ ಹಳದಿ ಹೆಲ್ಮೆಟ್ಟು. ನರ್ಸಿನ ಮಗಳು ಸ್ಟೆಥಸ್ಕೋಪು. ಇಂಚರಾಳ ಅಮ್ಮ ನಮ್ಮ ಶಾಲೆಯನ್ನು ಶುಚಿಯಾಗಿ ಇಡುತ್ತಾರೆ, ಆದ್ದರಿಂದ ಇಂಚರಾ ಮಾಪು. ಓಸ್ತಿಯ ತಟ್ಟೆ ಶರಲ್‌ಗೆ. ಯಾಕೆಂದರೆ ಜೆಸಿಂತಾ ಬಾಯಿ ತಮ್ಮ ಮಾವನ ನೆನಪಿಗೆ ಚಿನ್ನದ ನೀರು ಹಾಕಿದ ಹೊಸ ತಟ್ಟೆಯನ್ನು ಶಾಲೆಗೆ ಕಾಣಿಕೆ ಕೊಟ್ಟಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನ ಮಗಳನ್ನು ತಟ್ಟೆಯಿಂದ ತೆಗೆದಿದ್ದರು.

"ಮಿಸ್ ಹೇಳಿದ್ರು, ಇಟ್ಸ್ ಟು ಆನರ್ ಯೂ," ಎಂದಳು ಇಂಚರಾ. ಬೂಟಿನ ದಾರ ಬಿಚ್ಚುತ್ತಾ, "ಬಟ್ ದ ಸ್ಟಿಕ್ ವಾಸ್ ಮೈನ್, ಅಮ್ಮಾ."

ಮಾರನೆಯ ದಿನ ಗಮ್ಮು ಕೆರೆಯುವುದನ್ನು ಅರ್ಧಕ್ಕೇ ಬಿಟ್ಟು ಟೀಚರ ಬಳಿಗೆ ಹೋದೆ. ಕೈಯಲ್ಲಿ ಕತ್ತಿ ಇದ್ದದ್ದು ಮರೆತಿತ್ತು. ಮಿಸ್ ದಿ ಲೂಕಾ ಒಂದು ಹೆಜ್ಜೆ ಹಿಂದೆ ಸರಿದಾಗ ಅದನ್ನು ಜೇಬಿಗೆ ಹಾಕಿಕೊಂಡೆ. ಒಳ್ಳೆಯ ಹುಡುಗಿ. ನಾನು ಮಾತು ತೆಗೆದ ಕೂಡಲೇ ಅವಳ ಕಣ್ಣಲ್ಲಿ ನೀರು ಬಂತು. ನಿನ್ನನ್ನು ಗೌರವಿಸಲೆಂದೇ ಮಾಡಿದ್ದು ಜಯಾ ಎಂದಳು. ನನ್ನನ್ನು ಪ್ರಿನ್ಸಿಪಾಲರ ಹತ್ತಿರ ಕರೆದುಕೊಂಡು ಹೋದಳು.

ಪ್ರಿನ್ಸಿಪಾಲರು ಕುರ್ಚಿ ತೋರಿಸಿದರು. ನನ್ನ ಪ್ಯಾಂಟಿನ ಮಂಡಿ ಕೊಳೆಯಾಗಿತ್ತು. ನಿಂತೇ ಇದ್ದೆ.

"ಮಾಪ್ ಓಕೆ ಸರ್," ಎಂದೆ. ನನಗೆ ಬರುವ ಇಂಗ್ಲಿಷೇ ಅಷ್ಟು. "ಮಾಪ್ ನೋ ಪ್ರಾಬ್ಲಮ್. ಬಟ್ ಸ್ಟಿಕ್ ಈಸ್ ಇಂಚರಾ. ವೈ ಚೇಂಜ್ ಸ್ಟಿಕ್?"

ಕೆನಡಾದಲ್ಲಿ ಯಾವ ಕೆಲಸವೂ ಕೀಳಲ್ಲ ಎಂದರು ಅವರು. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನಪಿಸಿದರು. ತಟ್ಟೆ ರೇಗೊ ಕುಟುಂಬದ ಕಾಣಿಕೆ, ಅದನ್ನು ಅವರ ಮಗಳು ಹಿಡಿಯುವುದು ಸಹಜ ಎಂದರು.

"ಶರಲ್ ಫಾದರ್ ಡೆಂಟಿಸ್ಟ್," ಎಂದೆ. "ಗಿವ್ ಹರ್ ಪ್ಲೈಯರ್ಸ್."

ಅವರು ನಕ್ಕರು. ನಾನು ನಗಲಿಲ್ಲ. ಅವರೂ ನಿಲ್ಲಿಸಿದರು.

ಹೇಳಲೇಬೇಕಾಯಿತು. "ಕಾಸ್ಟ್, ಸರ್," ಎಂದೆ. ಅವರು ಹುಬ್ಬು ಮೇಲೆ ಮಾಡಿದರು. ಅದು ಹಿಂದೂಗಳದಲ್ಲವೇ, ನೀನು ಕ್ಯಾಥೊಲಿಕ್ ಅಲ್ಲವೇ ಎಂದರು. ಮಿಸೆಸ್ ರೇಗೊ ನಿನ್ನ ಬಗ್ಗೆ ಯಾವಾಗಲೂ ಒಳ್ಳೆಯ ಮಾತನ್ನೇ ಆಡುತ್ತಾರೆ ಎಂದರು. ಆಮೇಲೆ ಗೋಡೆಯ ಗಡಿಯಾರ ನೋಡಿ, ಈಗ ನಿನ್ನ ಶಿಫ್ಟಲ್ಲವೇ ಎಂದು ಕೇಳಿದರು. ಹೌದು ಎಂದೆ. ಹೋಗಿ ಉಳಿದ ಗಮ್ಮು ಕೆರೆದೆ.

ಮಧ್ಯಾಹ್ನ ಜಿಮ್ಮಿನಲ್ಲಿ ಕುರ್ಚಿ ಜೋಡಿಸುತ್ತಿದ್ದೆ. ಜೆಸಿಂತಾ ಬಾಯಿ ಕಾಗದದ ಪಾರಿವಾಳ ತೂಗುಹಾಕಲು ಬಂದಿದ್ದರು. ಏಣಿಯಿಂದ ಇಳಿದು ನನ್ನ ಬಳಿ ಬಂದರು.

"ಎಂತ ಜಯಾ, ಆಫೀಸಿಗೆ ಹೋದದ್ದಂತೆ? ಬೇಜಾರಾಯ್ತಾ ನಿಮಗೆ? ಅದು ಗೌರವ ಅಲ್ವಾ ಮಾರಾಯ್ತಿ?"

"ಗೌರವ ಆದ್ರೆ ನೀವೇ ಮಡಿಕಳಿ. ನನ್ ಮಗ್ಳಿಗೆ ಕಡ್ಡೀಲಿ ಬಂದುದ್ದ ಕೊಡಿ."

ಅವರು ಸುತ್ತ ನೋಡಿದರು. ಯಾರೂ ಇರಲಿಲ್ಲ. ಇದ್ದರೂ ಕನ್ನಡ ತಿಳಿಯುತ್ತಿರಲಿಲ್ಲ. ಆದರೂ ದನಿ ತಗ್ಗಿಸಿದರು.

"ನೋಡಿ, ನನಗೆ ಎಂತದೂ ಇಲ್ಲ. ನಾನು ಅದೆಲ್ಲ ನಂಬುವವಳೇ ಅಲ್ಲ. ಆದರೆ ನನ್ನ ಅತ್ತೆ ಊರಿಂದ ಬಂದಿದ್ದಾರೆ, ಅವರೂ ಪೂಜೆಗೆ ಬರ್ತಾರೆ. ಹಳೇ ಕಾಲದವರು. ನೀವು ಯಾವ ಕಡೆ ಅಂತ ಅವರಿಗೆ ಗೊತ್ತುಂಟು. ಓಸ್ತಿ ಅಂದ್ರೆ ನಾಲಿಗೆ ಮೇಲೆ ಇಡುವಂಥದ್ದು ಅಲ್ವಾ? ನೀವೇ ಸ್ವಲ್ಪ ಅರ್ಥ ಮಾಡ್ಕೊಳ್ಬೇಕು."

ಕೈಯಲ್ಲಿದ್ದ ಕುರ್ಚಿ ನೆಲಕ್ಕೆ ಬಿತ್ತು. ಖಾಲಿ ಜಿಮ್ಮಿನಲ್ಲಿ ದೊಡ್ಡ ಸದ್ದಾಯಿತು.

"ನನ್ ಮಗ ಓಸ್ತಿ ಮುಟ್ಟಾಕಿಲ್ಲ ಕನವ್ವ. ತಟ್ಟೆ ಮುಟ್ಟುತ್ತೆ ಅಷ್ಟೆ."

"ತಟ್ಟೆ ನಮ್ಮದಲ್ವಾ," ಎಂದರು ಜೆಸಿಂತಾ ಬಾಯಿ. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. ಮತ್ತೆ ಏಣಿ ಹತ್ತಿದರು.

ಬಿದ್ದ ಕುರ್ಚಿಯನ್ನು ಎತ್ತಿ ಸಾಲಿಗೆ ಸೇರಿಸಿದೆ. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಆ ಸಂಜೆ ಅರುಳಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಕುದುರೆಯ ಕಾಲಡಿಯ ಹುಲ್ಲು ಬದಲಾಯಿಸುತ್ತಿದ್ದ. ತಲೆ ಎತ್ತಲಿಲ್ಲ.

"ಬುಡಮ್ಮಿ. ಜಗಳಾಡಿದ್ರೆ ಕೆಲ್ಸ ಹೋಯ್ತದೆ. ಕೆಲ್ಸ ಅಂದ್ಮೇಲೆ ಕೆಲ್ಸ. ನಾನೂ ದಿನಾ ಲದ್ದಿ ಎತ್ತಾಕಿಲ್ವ?"

"ಎತ್ತೀಯೆ. ಆ ಲದ್ದಿ ಮಂಕ್ರಿಯ ತಲೆ ಮ್ಯಾಲೆ ಹೊತ್ಕಂಡು ದೇವ್ರ ಮುಂದ್ಕೆ ಹೋಗು, ನಿನ್ ಅಪ್ಪನೂ ಅದ್ನೇ ಹೊತ್ತಿದ್ದ ಅಂದ್ರೆ ಹೋದೀಯಾ?"

ಅವನು ಸಲಿಕೆ ಹಿಡಿದು ಬೇರೆ ಕುದುರೆಯ ಬಳಿಗೆ ಹೋದ.

ಇಂಚರಾ ಅಭ್ಯಾಸ ಬಿಟ್ಟಿದ್ದಳು. ಸ್ಟೀಲ್ ತಟ್ಟೆ ಅಡುಗೆಮನೆಯ ಗೂಡಿನಲ್ಲಿತ್ತು. ಮಲಗುವ ಮುಂಚೆ ಕೇಳಿದಳು, ಆ ದಿನ ಜ್ವರ ಬಂತು ಅಂತ ಹೇಳಬಹುದಾ ಎಂದು. ಬೇಡ ಎಂದೆ. ಜ್ವರ ಬಂದಿರುವುದು ನಿನಗಲ್ಲ ಎಂದೆ.

"ಡೂ ಐ ಹ್ಯಾವ್ ಟು ಕ್ಯಾರಿ ಇಟ್?"

"ಇಲ್ಲ. ನೀನು ಅದ ಹಿಡಿಯಾಕಿಲ್ಲ."

ಹೇಳಿಬಿಟ್ಟೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಮಾಪು ಬಂತು. ಹೊಚ್ಚ ಹೊಸದು. ಬೆಳ್ಳನೆಯ ದಾರದ ತಲೆ, ಹಿಡಿಗೆ ನೀಲಿ ರಿಬ್ಬನ್ನಿನ ದೊಡ್ಡ ಗಂಟು. ಕೌನ್ಸಿಲ್ಲಿನ ಕೊಡುಗೆ. ಜಿಮ್ಮಿನ ಬಾಗಿಲ ಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ವರ್ಷವಿಡೀ ನಾನು ಹೊಸ ಮಾಪು ಕೇಳಿದ್ದೆ. ತಲೆ ಉದುರಿದ ಹಳೆಯದರಲ್ಲೇ ಒರೆಸು ಎಂದಿದ್ದರು. ನೆಲ ಒರೆಸಲು ಇಲ್ಲದ್ದು ಪೀಠಕ್ಕೆ ಹೋಗಲು ಬಂತು.

ಜನ ಬರತೊಡಗಿದರು. ಜೆಸಿಂತಾ ಬಾಯಿಯ ಅತ್ತೆಯೂ ಬಂದರು. ಕೋಲೂರಿಕೊಂಡು ನಡೆಯುವ ಸಣ್ಣ ಮುದುಕಿ, ಕಾಟನ್ ಸೀರೆಯ ಮೇಲೆ ಸ್ವೆಟರು. ನಾನು ಇಂಚರಾಳ ಜಡೆಗೆ ಕ್ಲಿಪ್ಪು ಹಾಕುತ್ತಿದ್ದೆ. ಕನ್ನಡ ಕೇಳಿ ಅವರು ನಿಂತರು.

"ಕೊಳ್ಳೇಗಾಲದವರು ನೀವೇನಾ? ನಿಮ್ಮ ಮಗಳಾ? ಬಾ ಮಗಾ ಇಲ್ಲಿ."

ಎರಡೂ ಕೈಯಲ್ಲಿ ಇಂಚರಾಳ ಕೆನ್ನೆ ಹಿಡಿದರು. ಹಣೆಗೆ ಮುತ್ತು ಕೊಟ್ಟರು. "ನೀನು ಎಂತ ಹಿಡಿಯುವುದು ಇವತ್ತು?"

ಇಂಚರಾ ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ಕೈ ತೋರಿಸಿದೆ.

"ಕಸಬರಿಕೆಯಾ? ಪೂಜೆಗೆ? ಯಾರದ್ದು ಈ ಬುದ್ಧಿ?"

"ನಿಮ್ ಸೊಸೇದು ಕನವ್ವ. ನೀವು ನಮ್ ಕೈ ತಾಗಿದ್ದ ತಿನ್ನಲ್ಲವಂತೆ, ಅದ್ಕೆ."

ಮುದುಕಿ ನನ್ನನ್ನು ನೋಡಿದರು. "ಯೇಸುವೇ," ಎಂದರು. ಕೋಲೂರಿಕೊಂಡು ಒಳಗೆ ಹೋಗಿ ಕುಳಿತರು. ಹಳೇ ಕಾಲದವರಂತೆ! ಹಳೇ ಕಾಲ ಇದ್ದದ್ದು ಸೊಸೆಯ ತಲೆಯೊಳಗೆ. ಅದನ್ನು ಆ ಮುದುಕಿಯ ತಲೆಗೆ ಕಟ್ಟಿದ್ದಳು. ಇಲ್ಲಿಂದ ಮುಂದೆ ನಾನು ಅವಳನ್ನು 'ಅವರು' ಎಂದು ಬರೆಯುವುದಿಲ್ಲ.

ಅಷ್ಟರಲ್ಲಿ ಕಿಂಡರ್‌ಗಾರ್ಟನ್ ಮಕ್ಕಳ ಸಾಲು ಬಂತು. ಕೊನೆಯ ವಾರ ಎಂದು ಅವಕ್ಕೆ ಬೆಳಿಗ್ಗೆಯೇ ಐಸ್‌ಕ್ಯಾಂಡಿ ತಿನ್ನಿಸಿದ್ದರು. ಜಿಮ್ಮಿನ ಬಾಗಿಲಿಗೆ ಸರಿಯಾಗಿ ಒಂದು ಕೂಸು ನಿಂತು ವಾಂತಿ ಮಾಡಿತು. ಕೆಂಪು, ನೀಲಿ, ಜೊತೆಗೆ ಹಾಲು. ಹಿಂದಿನ ಮಕ್ಕಳು ಕಿರುಚಿಕೊಂಡು ಚದುರಿದವು.

"ಜಯಾ!" ಎಂದಳು ಮಿಸ್ ದಿ ಲೂಕಾ. "ಜಯಾ!" ಎಂದರು ಪ್ರಿನ್ಸಿಪಾಲರು. ಶಾಲೆಯಲ್ಲಿ ಏನು ಚೆಲ್ಲಿದರೂ ಎಲ್ಲರ ಬಾಯಲ್ಲಿ ನನ್ನ ಹೆಸರೇ ಮೊದಲು.

ನನ್ನ ಹಳೇ ಮಾಪು ಕಾರಿಡಾರಿನ ಆ ತುದಿಯ ಕೋಣೆಯಲ್ಲಿತ್ತು. ಹೊಸದು ಕೈಗೆ ಸಿಗುವಷ್ಟು ಹತ್ತಿರ ಇತ್ತು. ತೆಗೆದುಕೊಂಡೆ. ಅವಸರ ಮಾಡಲಿಲ್ಲ. ಅಂಚಿನಿಂದ ನಡುವಿಗೆ, ಕೆಲಸ ಹೇಗೆ ಮಾಡಬೇಕೋ ಹಾಗೇ ಮಾಡಿದೆ. ಬಿಳಿ ದಾರ ಕೆಂಪಾಯಿತು. ಹಿಡಿಯನ್ನು ನೆಲಕ್ಕೆ ತಗ್ಗಿಸಿ ದಾರವನ್ನು ಬಾಗಿಲ ಸಂದಿಗೆ ತೂರಿಸಿದೆ. ರಿಬ್ಬನ್ನು ವಾಂತಿಯಲ್ಲಿ ಅದ್ದಿಕೊಂಡಿತು.

ಜೆಸಿಂತಾ ಓಡಿ ಬಂದಳು. "ಎಂತ ಮಾಡಿದ್ದು ನೀವು! ಅದು ಪೂಜೆಯದ್ದು!"

"ಮಾಪು ಕನವ್ವ," ಎಂದೆ. "ಇರಾದೇ ಇದ್ಕೆ."

ಮಿಸ್ ದಿ ಲೂಕಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಪ್ರಿನ್ಸಿಪಾಲರು ಮೂಗು ಮುಚ್ಚಿಕೊಂಡರು. ಆ ಮಾಪನ್ನು ಪೀಠಕ್ಕೆ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಳಗೆ ಪಿಯಾನೊ ಶುರುವಾಗಿತ್ತು. ನಾನು ಮಾಪನ್ನು ಎಲ್ಲಿತ್ತೋ ಅಲ್ಲೇ ಒರಗಿಸಿದೆ. ಬಾತ್‌ರೂಮಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದುಕೊಂಡೆ. ಬಂದು ಹಿಂದಿನ ಗೋಡೆಗೆ ನಿಂತೆ.

ಕಾಣಿಕೆಯ ಹೊತ್ತು ಬಂತು. ಹೆಲ್ಮೆಟ್ಟು ಹೋಯಿತು. ಸ್ಟೆಥಸ್ಕೋಪು ಹೋಯಿತು. ಇಂಚರಾ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕುಳಿತೇ ಇದ್ದಳು. ಕೊನೆಗೆ ಶರಲ್ ಚಿನ್ನದ ತಟ್ಟೆ ಹಿಡಿದು ನಡೆದಳು. ಆ ಹುಡುಗಿಯದೇನು ತಪ್ಪು. ಆದರೆ ಅವಳು ಬೇಗ ನಡೆದಳು. ಇಂಚರಾಳ ಕಾಲು ಕುಳಿತಲ್ಲೇ ನಿಧಾನವಾಗಿ ಒಂದೊಂದೇ ಹೆಜ್ಜೆ ಹಾಕುತ್ತಿತ್ತು. ಮಾಪನ್ನು ಅವಳ ಕೈಯಿಂದ ತಪ್ಪಿಸಿದ್ದೆ. ತಟ್ಟೆಯನ್ನು ಕೊಡಿಸಲು ನನ್ನಿಂದ ಆಗಲಿಲ್ಲ. ಆ ಹೊಟ್ಟೆಯುರಿ ನನಗೆ ಇವತ್ತಿಗೂ ಆರಿಲ್ಲ.

ಪರಮಪ್ರಸಾದಕ್ಕೆ ಎರಡು ಸಾಲು. ಒಂದು ಫಾದರ್ ಮುಂದೆ, ಇನ್ನೊಂದು ಜೆಸಿಂತಾಳ ಮುಂದೆ. ಫಾದರ್ ಸಾಲು ಚಿಕ್ಕದಿತ್ತು. ನಾನು ಇಂಚರಾಳ ಕೈ ಹಿಡಿದು ಜೆಸಿಂತಾಳ ಸಾಲಿನಲ್ಲಿ ನಿಂತೆ.

ನನ್ನ ಮುಂದಿನವರ ಅಂಗೈಯಲ್ಲಿ ಬೆರಳು ಒತ್ತಿ ಇಟ್ಟಳು. ನಾನು ಮುಂದೆ ಹೋದೆ. ಇಲ್ಲಿನ ಪದ್ಧತಿಯಂತೆ ಬಲಗೈಯ ಮೇಲೆ ಎಡಗೈ ಇಟ್ಟು ಚಾಚಿದೆ.

"ಬಾಡಿ ಆಫ್ ಕ್ರೈಸ್ಟ್," ಎಂದಳು. ಓಸ್ತಿ ಹಿಡಿದ ಬೆರಳು ನನ್ನ ಅಂಗೈಯ ಮೇಲೆ, ಗೇಣೆತ್ತರದಲ್ಲಿ ನಿಂತಿತು.

"ಮುಟ್ಟಿ ಕೊಡಿ," ಎಂದೆ.

"ಎಂತ?"

"ಅಂಗೈ ಮುಟ್ಟಿ ಕೊಡಿ. ಎಲ್ರಿಗೂ ಕೊಟ್ಟಂಗೆ."

"ಜಯಾ, ಲೈನು ನಿಂತಿದೆ. ಎಲ್ಲ ನೋಡ್ತಿದ್ದಾರೆ."

"ನೋಡ್ಲಿ. ಮುಟ್ಟಿ ಕೊಡು."

"ಈಗಷ್ಟೇ ನೀವು ಆ ವಾಂತಿ..."

"ನನ್ ಕೈ ತೊಳ್ದಿದ್ದಿನಿ. ನೀನು ತೊಳ್ದಿದ್ದೀಯಾ?"

ಪಿಯಾನೊ ನುಡಿಯುತ್ತಲೇ ಇತ್ತು. ಫಾದರ್ ಈ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಅತ್ತೆ ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಸೊಸೆಯನ್ನೇ ನೋಡುತ್ತಿದ್ದರು. ಜೆಸಿಂತಾ ಪ್ರಯತ್ನಪಟ್ಟಳು. ಅದನ್ನೂ ಹೇಳಬೇಕು. ಬೆರಳು ಸ್ವಲ್ಪ ಇಳಿಯಿತು. ಇನ್ನೂ ಸ್ವಲ್ಪ ಇಳಿಯಿತು. ಅಲ್ಲಿಂದ ಕೆಳಗೆ ಬರಲಿಲ್ಲ. ಎಷ್ಟು ತಲೆಮಾರು ಆ ಕೈಯನ್ನು ಹಿಡಿದು ನಿಲ್ಲಿಸಿದ್ದವೋ.

ನಾನು ಮುಷ್ಟಿ ಮುಚ್ಚಿದೆ.

"ಬ್ಯಾಡ. ನೀನೇ ಮಡಿಕೊ."

ಆಮೆನ್ ಅನ್ನಲಿಲ್ಲ. ಪಕ್ಕಕ್ಕೆ ಸರಿದೆ. ನನ್ನ ಹಿಂದೆ ಇಂಚರಾ ಇದ್ದಳು. ಜೆಸಿಂತಾಳ ಮುಖದ ಮೇಲೆ ಆ ಹಳೆಯ ನಗು ಮತ್ತೆ ಬಂತು. ಬಗ್ಗಿ, ಇಂಗ್ಲಿಷಿನಲ್ಲಿ, ಬೆಲ್ಲದಂಥ ದನಿಯಲ್ಲಿ ಕರೆದಳು. ಇಂಚರಾ ಓಸ್ತಿ ನೋಡಿದಳು. ಚಿನ್ನದ ತಟ್ಟೆ ನೋಡಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನೋ, ಥ್ಯಾಂಕ್ ಯೂ," ಎಂದಳು. ಶಾಲೆಯಲ್ಲಿ ಹಾಗೇ ಕಲಿಸಿದ್ದರು.

ನಾವಿಬ್ಬರೂ ಹೊಲದ ದಾರಿ ಹಿಡಿದು ಮನೆಗೆ ನಡೆದೆವು. ಶಿಫ್ಟು ಇನ್ನೂ ಅರ್ಧ ಇತ್ತು.

ಸಂಜೆ ಕಂಪೆನಿಯ ಸೂಪರ್‌ವೈಸರ್ ಫೋನು ಮಾಡಿದ. ಪಂಜಾಬಿನವನು, ಕೆಟ್ಟವನಲ್ಲ. "ಜಯಾಜೀ, ಕಲ್ ಸೆ ಮತ್ ಆನಾ," ಎಂದ. ನಾಳೆಯಿಂದ ಬರುವುದು ಬೇಡ, ಶಾಲೆಯವರು ಬೇರೆಯವರನ್ನು ಕಳಿಸಿ ಎಂದಿದ್ದಾರಂತೆ.

ಅರುಳಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಹಳ ಹೊತ್ತು ಒಲೆಯ ಮುಂದೆ ನಿಂತು ತಾನೇ ರೊಟ್ಟಿ ತಟ್ಟಿದ. ಗೂಡಿನಿಂದ ಆ ಸ್ಟೀಲ್ ತಟ್ಟೆ ತೆಗೆದು, ಎರಡು ರೊಟ್ಟಿ ಇಟ್ಟು, ಇಂಚರಾಳ ಕೈಗೆ ಕೊಟ್ಟ.

"ನಡಿ ಮಗ. ಕುದ್ರೆಗೊಳು ಕಾಯ್ತಾವೆ. ನಾನು ಆ ತುದೀಗೆ ನಿಂತ್ಕತಿನಿ."

ಇಂಚರಾ ತಟ್ಟೆಯನ್ನು ನೋಡಿದಳು. ತಲೆಯಾಡಿಸಿದಳು.

"ಐ ಆಮ್ ಜಸ್ಟ್ ಹಂಗ್ರಿ, ಅಪ್ಪಾ."

ಅಲ್ಲೇ ನೆಲದ ಮೇಲೆ ಕುಳಿತು ರೊಟ್ಟಿ ಮುರಿದು ತಿಂದಳು. ಒಂದು ಚೂರು ಅವನಿಗೆ ಕೊಟ್ಟಳು, ಒಂದು ನನಗೆ. ಅವಳ ಬೆರಳು ನನ್ನ ಅಂಗೈಗೆ ಒತ್ತಿತು. ನಾನು ಅಳಲಿಲ್ಲ. ಅರುಳಪ್ಪ ಅತ್ತ.

ಅಂದು ನಾವು ಹೊರಟಾಗ ಆ ಮಾಪು ಜಿಮ್ಮಿನ ಬಾಗಿಲ ಪಕ್ಕ ಹಾಗೇ ನಿಂತಿತ್ತು. ಜೂನ್ ಸೆಕೆಗೆ ಆ ವಾಂತಿ ದಾರಕ್ಕೆ ಒಣಗಿ ಹಿಡಿದಿರಬೇಕು. ರಜೆಯಲ್ಲಿ ಯಾರಾದರೂ ಅದನ್ನು ತೊಳೆದಿರಬೇಕು. ರಿಬ್ಬನ್ನು ಬಿಚ್ಚಿರಬೇಕು. ಯಾರೋ ಗೊತ್ತಿಲ್ಲ.

ನಾನಲ್ಲ.